ಪಿಕಪ್‌ನ ಆಯಿಲ್ ಬದಲಾವಣೆ: ಮನೆಯಲ್ಲೋ, ಗ್ಯಾರೇಜಿನಲ್ಲೋ? ಕೊಡಗಿನ ವಾಹನ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಸಿದ್ದಾಪುರದ ಬಳಿ ನಮ್ಮದೊಂದು ಸಣ್ಣ ಕಾಫಿ ತೋಟ. ಮನೆಯಲ್ಲಿ ಎರಡು ಡೀಸೆಲ್ ವಾಹನಗಳಿವೆ. ಒಂದು ಅಪ್ಪನ ಕಾಲದ ಜೀಪು, ಇನ್ನೊಂದು ಗೊಬ್ಬರ, ಕಾಫಿ, ಸೌದೆ ಎಲ್ಲವನ್ನೂ ಹೊರುವ ಬಿಎಸ್4 (ಹೊಗೆ ಮಿತಿಯ ಹಿಂದಿನ ಮಾನದಂಡದ) ಪಿಕಪ್. ಜೀಪಿನ ಎಂಜಿನ್ ಆಯಿಲನ್ನು ಹದಿನೈದು ವರ್ಷಗಳಿಂದಲೂ ಪಿಕಪ್‌ನದ್ದನ್ನು ವಾರಂಟಿ ಮುಗಿದಂದಿನಿಂದಲೂ ನಾನೇ ಬದಲಿಸುತ್ತಿದ್ದೇನೆ. ಅಕ್ಕಪಕ್ಕದ ತೋಟದವರು, ನೆಂಟರು, ಬಾಡಿಗೆ ಗಾಡಿ ಓಡಿಸುವ ಹುಡುಗರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮನೆಯಲ್ಲೇ ಬದಲಿಸಿದರೆ ನಿಜವಾಗಿ ಎಷ್ಟು ಹಣ ಉಳಿಯುತ್ತದೆ?

ನೀವು ಎಣಿಸಿದಷ್ಟು ಉಳಿಯುವುದಿಲ್ಲ. ಬಿಲ್ಲಿನಲ್ಲಿ ದೊಡ್ಡ ಪಾಲು ಆಯಿಲ್ ಮತ್ತು ಫಿಲ್ಟರ್‌ನದು. ಅದನ್ನು ನೀವು ಕೊಂಡರೂ ಗ್ಯಾರೇಜಿನವರು ಕೊಂಡರೂ ಹೆಚ್ಚು ಕಡಿಮೆ ಅಷ್ಟೇ. ಊರಿನ ಸಣ್ಣ ಗ್ಯಾರೇಜಿನಲ್ಲಿ ಇದಕ್ಕೆ ಹಿಡಿಯುವ ಕೂಲಿ ಕೆಲವು ನೂರು ರೂಪಾಯಿ ಮಾತ್ರ. ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ತೊಳೆಯುವುದು, ಗ್ರೀಸ್ ಹೊಡೆಯುವುದು, ತಪಾಸಣೆ ಎಲ್ಲ ಸೇರಿ ಬಿಲ್ ದೊಡ್ಡದಾಗುವುದರಿಂದ ಅಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಸ್ಪ್ಯಾನರ್, ಟ್ರೇ, ಫಿಲ್ಟರ್ ಬಿಚ್ಚುವ ಚೈನ್ ಕೊಳ್ಳುವ ಖರ್ಚು ಹಿಡಿದರೆ ಮೊದಲ ಎರಡು ಮೂರು ಸಲ ಉಳಿತಾಯವೇ ಇಲ್ಲ ಎನ್ನಬಹುದು.

ನಮ್ಮ ಜಿಲ್ಲೆಯಲ್ಲಿ ನಿಜವಾಗಿ ಉಳಿಯುವುದು ದಿನ. ಜನವರಿಯಲ್ಲಿ ರೊಬಸ್ಟಾ ಕೊಯ್ಲು ಜೋರಾಗಿರುವಾಗ ಪಿಕಪ್ ಒಂದು ದಿನ ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಸರದಿಗೆ ಕಾಯುತ್ತ ನಿಂತರೆ ಕೊಯ್ದ ಹಣ್ಣು ಚೀಲದಲ್ಲೇ ಉಳಿಯುತ್ತದೆ. ಚೀಲದಲ್ಲಿ ರಾತ್ರಿ ಕಳೆದ ಹಣ್ಣು ಬಿಸಿಯೇರಿ ಹುಳಿಯುತ್ತದೆ. ಆ ನಷ್ಟದ ಮುಂದೆ ಮೆಕ್ಯಾನಿಕ್‌ನ ಕೂಲಿ ಏನೂ ಅಲ್ಲ. ಮಾಕುಟ್ಟದ ಕಡೆಯವರಿಗೆ, ಭಾಗಮಂಡಲದಿಂದ ಆಚೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಳಿತಾಯ ಅಷ್ಟೇ ಆದರೆ ಕೈ ಮಸಿ ಮಾಡಿಕೊಳ್ಳುವುದೇಕೆ?

ವಾಹನದ ಅಡಿ ನೋಡುವುದಕ್ಕೆ. ಒಂದು ವರ್ಷ ಮಾರ್ಚ್ ಕೊನೆಯಲ್ಲಿ ಪಿಕಪ್‌ನ ಆಯಿಲ್ ಇಳಿಯುತ್ತಿತ್ತು. ಅದು ಪೂರ್ತಿ ಸೋರುವವರೆಗೆ ಬೇರೆ ಕೆಲಸವಿಲ್ಲದೆ ಅಂಗಾತ ಮಲಗಿ ಟಾರ್ಚ್ ಬಿಡುತ್ತಿದ್ದೆ. ಮುಂದಿನ ಎಡಚಕ್ರದ ಬ್ರೇಕ್ ಹೋಸಿನ ಮೇಲೆ ಹೆಬ್ಬೆರಳಿನಗಲದ ಜಾಗ ಹೊಳೆಯುತ್ತಿತ್ತು. ಉಳಿದ ಕಡೆ ಧೂಳು ಹಿಡಿದು ಮಂಕಾಗಿದ್ದ ರಬ್ಬರು ಅಲ್ಲಿ ಮಾತ್ರ ಉಜ್ಜಿ ಉಜ್ಜಿ ನುಣುಪಾಗಿತ್ತು, ಒಳಗಿನ ನೂಲಿನ ಹೆಣಿಗೆ ಇಣುಕುತ್ತಿತ್ತು. ಹೋಸನ್ನು ಹಿಡಿದಿಡುವ ಕ್ಲಿಪ್ ಕಳಚಿ, ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಚಕ್ರಕ್ಕೆ ತಾಗುತ್ತಿತ್ತು. ಮರುವಾರ ಅದೇ ಗಾಡಿಯಲ್ಲಿ ಕರಿಮೆಣಸು ಹೇರಿಕೊಂಡು ಸಂಪಾಜೆ ಘಾಟಿ ಇಳಿಯುವುದಿತ್ತು. ಆ ಹೋಸ್ ಯಾವ ತಿರುವಿನಲ್ಲಿ ಹರಿಯುತ್ತಿತ್ತೋ ಎಂಬುದನ್ನು ನೆನೆದರೆ ಇವತ್ತಿಗೂ ಕೈ ತಣ್ಣಗಾಗುತ್ತದೆ.

ಆಯಿಲ್ ಬದಲಿಸುವುದೆಂದರೆ ವರ್ಷಕ್ಕೆ ಎರಡು ಸಲವಾದರೂ ಅರ್ಧ ಗಂಟೆ ನಿಮ್ಮ ಕಣ್ಣು ಗಾಡಿಯ ಹೊಟ್ಟೆಯ ಮೇಲಿರುತ್ತದೆ ಎಂದರ್ಥ. ಸ್ಪ್ರಿಂಗ್ ಪಟ್ಟಿ ಸೀಳಿದೆಯೇ, ಯು-ಬೋಲ್ಟ್ ಸಡಿಲವಾಗಿದೆಯೇ, ಶಾಕ್ ಅಬ್ಸಾರ್ಬರ್ ಒದ್ದೆಯಾಗಿದೆಯೇ, ಡಿಫರೆನ್ಷಿಯಲ್ ಬಳಿ ಜಿನುಗು ಇದೆಯೇ ಎಲ್ಲವೂ ಆಗಲೇ ತಿಳಿಯುತ್ತದೆ. ಒಳ್ಳೆಯ ಮೆಕ್ಯಾನಿಕ್ ಕೂಡ ಇವನ್ನು ನೋಡುತ್ತಾನೆ. ಆದರೆ ಒಂದೇ ದಿನ ಹತ್ತು ಗಾಡಿ ಮುಗಿಸಬೇಕಾದವನಿಗೆ ನಿಮ್ಮ ಗಾಡಿಯ ಮುಂದೆ ಕೂರಲು ಪುರುಸೊತ್ತಿರುವುದಿಲ್ಲ.

ಯಾರು ಈ ಕೆಲಸಕ್ಕೆ ಕೈ ಹಾಕಬಾರದು?

ಸಮತಟ್ಟಾದ ಗಟ್ಟಿ ನೆಲವಿಲ್ಲದವರು. ಹಳೆಯ ಆಯಿಲನ್ನು ಒಯ್ದು ಕೊಡಲು ಜಾಗ ಗೊತ್ತಿಲ್ಲದವರು. ವಾರಂಟಿ ಇನ್ನೂ ಬಾಕಿ ಇರುವವರು. ಈ ಮೂರರಲ್ಲಿ ಒಂದು ನಿಮಗೆ ಹೊಂದಿದರೂ ಗ್ಯಾರೇಜಿಗೆ ಕೊಡಿ, ಅದರಲ್ಲಿ ಸಂಕೋಚ ಬೇಡ. ನೆಲದ ವಿಷಯವನ್ನು ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಮನೆಯಂಗಳವೆಂದರೆ ಇಳಿಜಾರೇ ಹೆಚ್ಚು, ಮಳೆಗಾಲದಲ್ಲಿ ಪಾಚಿ ಬೇರೆ. ಅಂಥ ಕಡೆ ಹ್ಯಾಂಡ್‌ಬ್ರೇಕ್ ನಂಬಿ ಗಾಡಿಯಡಿಗೆ ಹೋಗಬೇಡಿ.

ಹಾಗಾದರೆ ಕಾಫಿ ಕಣದಲ್ಲಿ ಮಾಡಬಹುದೇ? ಅದು ಸಮತಟ್ಟಾಗಿಯೂ ಇದೆ, ಸಿಮೆಂಟೂ ಇದೆ.

ಖಂಡಿತ ಬೇಡ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಸಿಮೆಂಟಿಗೆ ಇಳಿದ ಎಂಜಿನ್ ಆಯಿಲ್ ಎಷ್ಟು ಉಜ್ಜಿದರೂ ಪೂರ್ತಿ ಹೋಗುವುದಿಲ್ಲ, ಬಿಸಿಲಿಗೆ ಮತ್ತೆ ಮೇಲೆದ್ದು ಬರುತ್ತದೆ. ಒಂದು ಅಂಗೈಯಗಲದ ಕಲೆಯ ಮೇಲೆ ಒಣಗಿದ ಕಾಫಿ ಇಡೀ ರಾಶಿಗೆ ಸೇರುತ್ತದೆ. ಗಾಡಿ ನಿಲ್ಲಿಸುವ ಶೆಡ್ಡಿನಲ್ಲಿ ಮಾಡಿ. ಕೆಳಗೆ ದಪ್ಪ ತಾಡಪಾಲು ಹಾಸಿ, ಅದರ ಮೇಲೆ ಹಳೆಯ ಗೋಣಿಚೀಲ ಹರಡಿ.

ವಾರಂಟಿ ಇರುವಾಗ ನಾನೇ ಬದಲಿಸಿ ಬಿಲ್ ಇಟ್ಟುಕೊಂಡರೆ ಸಾಲದೇ?

ನಂಬಿ ಕೂರಬೇಡಿ. ಇಲ್ಲಿನ ವಾಹನ ಕಂಪನಿಗಳ ವಾರಂಟಿ ಪುಸ್ತಕದಲ್ಲಿ ನಿಗದಿತ ಸರ್ವಿಸ್‌ಗಳನ್ನು ಅಧಿಕೃತ ಕೇಂದ್ರದಲ್ಲೇ ಮಾಡಿಸಬೇಕೆಂಬ ಷರತ್ತು ಸಾಮಾನ್ಯ. ಎಂಜಿನ್‌ಗೆ ದೊಡ್ಡ ತೊಂದರೆ ಬಂದ ದಿನ ಮೊದಲು ಕೇಳುವುದೇ ಸರ್ವಿಸ್ ದಾಖಲೆ. ವಾರಂಟಿ ಮುಗಿಯುವವರೆಗೆ ಅಲ್ಲೇ ಮಾಡಿಸಿ. ಆ ಅವಧಿಯಲ್ಲಿ ಮೆಕ್ಯಾನಿಕ್‌ನ ಪಕ್ಕದಲ್ಲಿ ನಿಂತು ಕಲಿಯುವುದನ್ನು ಕಲಿತುಬಿಡಿ.

ಎಷ್ಟು ಕಿಲೋಮೀಟರಿಗೊಮ್ಮೆ ಬದಲಿಸಬೇಕು?

ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬರೆದಷ್ಟಕ್ಕೆ, ಅಥವಾ ಅದರಲ್ಲೇ ಹೇಳಿದ ತಿಂಗಳುಗಳಿಗೆ. ಯಾವುದು ಮೊದಲು ಬರುತ್ತದೋ ಅದು. ಆದರೆ ಅದೇ ಕೈಪಿಡಿಯಲ್ಲಿ ಇನ್ನೊಂದು ಪುಟವಿರುತ್ತದೆ. ಧೂಳು, ಭಾರ, ಏರುದಾರಿ, ಸಣ್ಣ ಸಣ್ಣ ಓಡಾಟ ಇದ್ದರೆ ಅವಧಿಯನ್ನು ತಗ್ಗಿಸಿ ಎಂದು ಅಲ್ಲಿ ಹೇಳಿರುತ್ತಾರೆ. ನಮ್ಮ ಜೀಪು, ಪಿಕಪ್‌ಗಳ ಬದುಕೇ ಆ ಪುಟದಲ್ಲಿದೆ.

ಮೀಟರನ್ನು ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ತೋಟದೊಳಗೆ ಮೊದಲ ಗೇರಿನಲ್ಲಿ, ಫೋರ್ ವೀಲ್ ಹಾಕಿಕೊಂಡು ಇಡೀ ದಿನ ಓಡಿದ ಜೀಪು ಮೀಟರಿನಲ್ಲಿ ತೋರಿಸುವುದು ಹದಿನೈದು ಇಪ್ಪತ್ತು ಕಿಲೋಮೀಟರ್. ಎಂಜಿನ್ ಮಾತ್ರ ಏಳೆಂಟು ಗಂಟೆ ದುಡಿದಿರುತ್ತದೆ. ಅದೇ ಹೊತ್ತಿನಲ್ಲಿ ಹೆದ್ದಾರಿಯ ಗಾಡಿ ಬೆಂಗಳೂರಿಗೆ ಹೋಗಿ ಹಿಂದಿರುಗುವ ದಾರಿ ಹಿಡಿದಿರುತ್ತದೆ. ಆದ್ದರಿಂದ ಜೀಪಿಗೆ ನಾನು ಕಿಲೋಮೀಟರ್ ನೋಡುವುದೇ ಇಲ್ಲ, ವರ್ಷಕ್ಕೆರಡು ಸಲ ಬದಲಿಸುತ್ತೇನೆ. ಪಿಕಪ್‌ಗೆ ಕೈಪಿಡಿಯ ಅವಧಿಗಿಂತ ಮೊದಲೇ ಮಾಡುತ್ತೇನೆ.

ಯಾವ ಆಯಿಲ್ ಹಾಕಬೇಕು? ಡಬ್ಬಿಯ ಮೇಲಿನ ಅಂಕಿಗಳ ಅರ್ಥವೇನು?

ಎರಡು ವಿಷಯ ನೋಡಿ. ಮೊದಲನೆಯದು ಮಂದತೆ, ಉದಾಹರಣೆಗೆ 15ಡಬ್ಲ್ಯೂ-40. ಡಬ್ಲ್ಯೂ ಜೊತೆಗಿನ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಎಂಬುದನ್ನು ಹೇಳುತ್ತದೆ. ಎರಡನೆಯ ಅಂಕಿ ಎಂಜಿನ್ ಕಾದಾಗ, ಅಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ದಪ್ಪ ಎಷ್ಟೆಂದು ತಿಳಿಸುತ್ತದೆ. ಡಿಸೆಂಬರಿನ ಬೆಳಗ್ಗೆ ಮಡಿಕೇರಿಯಲ್ಲಿ ಎಷ್ಟೇ ನಡುಗಿದರೂ ಎಂಜಿನ್ ಲೆಕ್ಕದಲ್ಲಿ ಅದು ಚಳಿಯೇ ಅಲ್ಲ. 15ಡಬ್ಲ್ಯೂ ಆಯಿಲ್ ಶೂನ್ಯಕ್ಕಿಂತ ಬಹಳ ಕೆಳಗಿನ ಚಳಿಯನ್ನೂ ತಡೆಯುತ್ತದೆ. ನಮ್ಮೂರು ತಂಪು, ಆದ್ದರಿಂದ ತೆಳು ಆಯಿಲ್ ಬೇಕು ಎಂಬ ಮಾತಿನಲ್ಲಿ ಹುರುಳಿಲ್ಲ.

ಎರಡನೆಯದು ದರ್ಜೆ. ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುರುತು) ಎಂದು ಬರೆದಿರುವುದರ ಪಕ್ಕದಲ್ಲಿ ಸಿ ಇಂದ ಶುರುವಾಗುವ ಅಕ್ಷರಗಳಿದ್ದರೆ ಡೀಸೆಲ್ ಎಂಜಿನ್‌ಗೆ, ಎಸ್ ಇಂದ ಶುರುವಾದರೆ ಪೆಟ್ರೋಲ್‌ಗೆ. ಎರಡನ್ನೂ ಬರೆದ ಆಯಿಲ್ ಎರಡಕ್ಕೂ ಸಲ್ಲುತ್ತದೆ. ಸಿಐ-4 ದರ್ಜೆ 2002ರಲ್ಲಿ ಬಂತು, ಸಿಕೆ-4 ಬಂದದ್ದು 2016ರ ಕೊನೆಯಲ್ಲಿ. ಅಪ್ಪನ ಜೀಪಿನ ಕೈಪಿಡಿ ಇವೆರಡಕ್ಕಿಂತಲೂ ಹಳೆಯದು. ಆದರೂ ಅದಕ್ಕೆ ಸಿಐ-4 ಹಾಕುತ್ತೇನೆ, ಏಕೆಂದರೆ ಹೊಸ ದರ್ಜೆ ಹಳೆಯ ದರ್ಜೆಯ ಕೆಲಸವನ್ನೂ ಮಾಡುತ್ತದೆ. ಇದನ್ನು ತಿರುಗಿಸಿ ಹೊಸ ಎಂಜಿನ್‌ಗೆ ಹಳೆಯ ದರ್ಜೆ ಹಾಕಬಾರದು.

ನನ್ನದು ಬಿಎಸ್6 ಗಾಡಿ. ಅಂಗಡಿಯವರು ಮಾಮೂಲಿ ಡೀಸೆಲ್ ಆಯಿಲ್ ಸಾಕು ಎನ್ನುತ್ತಾರೆ.

ಅವರ ಮಾತು ಕೇಳಬೇಡಿ. 2020ರ ಏಪ್ರಿಲ್ 1ರಿಂದ ಮಾರಾಟವಾದ ಬಿಎಸ್6 ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಸಾಮಾನ್ಯವಾಗಿ ಮಸಿ ಹಿಡಿಯುವ ಸೋಸಕವೊಂದಿರುತ್ತದೆ. ಡಿಪಿಎಫ್ ಎಂದು ಕರೆಯುವುದು ಅದನ್ನೇ. ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳುತ್ತದೆ. ಆದರೆ ಆಯಿಲ್ ಉರಿದು ಉಳಿದ ಬೂದಿ ಸುಡುವುದಿಲ್ಲ, ಅಲ್ಲೇ ಕಟ್ಟಿಕೊಳ್ಳುತ್ತದೆ. ಹಾಗಾಗಿ ಇವಕ್ಕೆ ಬೂದಿ ಕಡಿಮೆ ಬಿಡುವ ಆಯಿಲನ್ನೇ ಹಾಕಬೇಕು. ಕೈಪಿಡಿಯಲ್ಲಿ ಬರೆದ ದರ್ಜೆಯನ್ನು ಅಕ್ಷರ ತಪ್ಪದೆ ಕೇಳಿ ತನ್ನಿ. ಸೋಸಕವನ್ನೇ ಬದಲಿಸಬೇಕಾಗಿ ಬಂದರೆ ಹತ್ತಾರು ವರ್ಷಗಳ ಆಯಿಲ್ ಖರ್ಚು ಒಂದೇ ದಿನಕ್ಕೆ ಹೋಗುತ್ತದೆ.

ಇನ್ನೊಂದು ಮಾತು. ಮನೆಯಿಂದ ಸುಂಟಿಕೊಪ್ಪಕ್ಕೆ, ಅಲ್ಲಿಂದ ಮನೆಗೆ ಎಂಬಂಥ ಗಿಡ್ಡ ಓಡಾಟವೇ ಹೆಚ್ಚಾದರೆ ಮಸಿ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೆಂದು ಹರಿಸಿದ ಡೀಸೆಲ್ ಜಾರಿ ಆಯಿಲಿಗೆ ಸೇರುತ್ತದೆ. ಅಳತೆ ಕಡ್ಡಿಯಲ್ಲಿ ಆಯಿಲ್ ಕಡಿಮೆಯಾಗುವ ಬದಲು ಏರುತ್ತಿದ್ದರೆ, ಮೂಗಿಗೆ ಹಿಡಿದಾಗ ಡೀಸೆಲ್ ವಾಸನೆ ಬಂದರೆ ಇದೇ ಕಾರಣವಿರಬಹುದು. ತಡಮಾಡದೆ ತೋರಿಸಿ.

ನಕಲಿ ಆಯಿಲ್ ಗುರುತಿಸುವುದು ಹೇಗೆ?

ಬಣ್ಣ, ವಾಸನೆ ನೋಡಿ ಗುರುತಿಸುವುದು ನಮ್ಮಿಂದಾಗದ ಕೆಲಸ. ಪರಿಚಯದ ದೊಡ್ಡ ಅಂಗಡಿಯಲ್ಲೋ ಪೆಟ್ರೋಲ್ ಬಂಕಿನಲ್ಲೋ ಬಿಲ್ ಸಮೇತ ಕೊಳ್ಳಿ. ಮುಚ್ಚಳದ ಸೀಲು ಅಲುಗದಂತಿರಬೇಕು, ತಯಾರಿಕೆಯ ತಿಂಗಳು ಸ್ಪಷ್ಟವಾಗಿರಬೇಕು. ಖಾಲಿಯಾದ ಡಬ್ಬಿಯನ್ನು ಗುಜರಿಗೆ ಹಾಕುವ ಮೊದಲು ಕತ್ತಿಯಿಂದ ಸೀಳಿ. ಒಳ್ಳೆಯ ಕಂಪನಿಯ ಖಾಲಿ ಡಬ್ಬಿಯೇ ನಕಲಿ ಮಾಡುವವರಿಗೆ ಬಂಡವಾಳ.

ಏನೇನು ಸಲಕರಣೆ ಬೇಕು?

ಡ್ರೈನ್ ಬೋಲ್ಟಿಗೆ (ಆಯಿಲ್ ಇಳಿಸಲು ಎಂಜಿನ್ ಅಡಿಯಲ್ಲಿ ಬಿಚ್ಚುವ ಬೋಲ್ಟ್) ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್, ಫಿಲ್ಟರ್ ಬಿಚ್ಚುವ ಚೈನ್ ಸ್ಪ್ಯಾನರ್, ಎಂಟು ಹತ್ತು ಲೀಟರ್ ಹಿಡಿಯುವ ಅಗಲವಾದ ಟ್ರೇ, ಲಾಳಿಕೆ, ಬನಿಯನ್ ವೇಸ್ಟ್, ಕೈಗವಸು, ಹೊಸ ವಾಷರ್. ಓಪನ್ ಸ್ಪ್ಯಾನರ್ ಬೇಡ, ಅದು ಬೋಲ್ಟಿನ ಮೂಲೆಗಳನ್ನು ತಿಂದುಹಾಕುತ್ತದೆ. ಜೊತೆಗೆ ಒಂದು ಚೀಲ ಕಾಫಿ ಹೊಟ್ಟು ಇಟ್ಟುಕೊಳ್ಳಿ. ಚೆಲ್ಲಿದ ಆಯಿಲನ್ನು ಅದು ಮರದ ಹೊಟ್ಟಿನಂತೆಯೇ ಹೀರುತ್ತದೆ.

ಕೆಲಸದ ಕ್ರಮ ಹೇಗೆ?

ಗಾಡಿಯನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಗೇರಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಎರಡೂ ಕಡೆ ಕಟ್ಟಿಗೆ ಅಡ್ಡ ಕೊಡಿ. ಜೀಪು, ಪಿಕಪ್‌ಗಳು ಎತ್ತರವಿರುವುದರಿಂದ ಜಾಕ್ ಎತ್ತದೆಯೇ ಕೈ ತಲುಪುತ್ತದೆ. ಎತ್ತಲೇಬೇಕಾದರೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಅಡಿಗೆ ಹೋಗಿ. ಬರೀ ಜಾಕಿನ ಮೇಲೆ, ಕಲ್ಲಿನ ಮೇಲೆ, ಇಟ್ಟಿಗೆಯ ಮೇಲೆ ನಿಂತ ಗಾಡಿಯಡಿ ತಲೆ ಹಾಕಬಾರದು. ಈ ವಿಷಯದಲ್ಲಿ ನನ್ನದು ಚೌಕಾಸಿಯಿಲ್ಲದ ಮಾತು.

ಗೇರನ್ನು ನ್ಯೂಟ್ರಲ್‌ಗೆ ತಂದು ಎಂಜಿನ್ನನ್ನು ಐದು ನಿಮಿಷ ಓಡಿಸಿ ನಿಲ್ಲಿಸಿ, ಮತ್ತೆ ಗೇರಿನಲ್ಲಿಟ್ಟು ಹತ್ತು ಹದಿನೈದು ನಿಮಿಷ ಬಿಡಿ. ಆಯಿಲ್ ಬೆಚ್ಚಗಿದ್ದರೆ ಕೊಳೆಯನ್ನೂ ಹೊತ್ತುಕೊಂಡು ಸರಾಗವಾಗಿ ಇಳಿಯುತ್ತದೆ. ಈಗಷ್ಟೇ ಘಾಟಿ ಹತ್ತಿ ಬಂದ ಗಾಡಿಯ ಆಯಿಲ್ ಮಾತ್ರ ಚರ್ಮ ಸುಲಿಯುವಷ್ಟು ಕಾದಿರುತ್ತದೆ, ಕಾಯಿರಿ. ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದಿಡಿ. ಟ್ರೇಯನ್ನು ಬೋಲ್ಟಿನ ನೇರಕ್ಕಲ್ಲ, ಸ್ವಲ್ಪ ಮುಂದಕ್ಕೆ ಇಡಿ, ಏಕೆಂದರೆ ಮೊದಲ ರಭಸಕ್ಕೆ ಧಾರೆ ಬಾಗಿ ಹಾರುತ್ತದೆ. ಬೋಲ್ಟನ್ನು ಸ್ಪ್ಯಾನರಿನಿಂದ ಸಡಿಲಿಸಿ, ಕೊನೆಯ ಸುತ್ತುಗಳನ್ನು ಬೆರಳಿನಿಂದ, ಒಳಕ್ಕೆ ಒತ್ತಿ ಹಿಡಿದೇ ತಿರುಗಿಸಿ, ಥ್ರೆಡ್ ಮುಗಿದದ್ದು ಬೆರಳಿಗೆ ತಿಳಿದೊಡನೆ ಚಟ್ಟನೆ ಸರಿಸಿ.

ಮೊದಲು ರಭಸದಿಂದ ಬಂದ ಧಾರೆ ನಿಧಾನಕ್ಕೆ ಸಣಕಲಾಗಿ, ಕೊನೆಗೆ ಜೇನು ಹಿಂಡುವಾಗಿನ ಎಳೆಯಂತೆ ತೂಗಿ, ಹನಿಯಾಗುತ್ತದೆ. ಹನಿಯ ನಡುವೆ ಐದಾರು ಎಣಿಸುವಷ್ಟು ಬಿಡುವಾಗುವವರೆಗೆ ಕಾಯಿರಿ. ಆ ಹೊತ್ತಿನಲ್ಲಿ ಬಿಚ್ಚಿದ ಬೋಲ್ಟನ್ನು ಒರೆಸಿ ಬೆಳಕಿಗೆ ಹಿಡಿಯಿರಿ. ಕೆಲವು ಗಾಡಿಗಳಲ್ಲಿ ಅದರ ತುದಿಯಲ್ಲಿ ಅಯಸ್ಕಾಂತವಿರುತ್ತದೆ. ಅದರ ಮೇಲೆ ಬೂದಿಬಣ್ಣದ ನಯವಾದ ಕೆಸರು ಕೂತಿದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕಿದರೆ ಕೆಲಸ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಿ.

ಇನ್ನು ಫಿಲ್ಟರ್. ಹಳೆಯದನ್ನು ಬಿಚ್ಚಿದ ಮೇಲೆ ಅದರ ರಬ್ಬರ್ ಉಂಗುರ ಫಿಲ್ಟರಿನ ಜೊತೆಗೇ ಬಂದಿದೆಯೇ ಎಂದು ಮೊದಲು ನೋಡಿ. ಜೀಪಿನಲ್ಲಿ ಒಮ್ಮೆ ನಾನು ಅದನ್ನು ನೋಡಲಿಲ್ಲ. ಹಳೆಯ ಉಂಗುರ ಎಂಜಿನ್‌ಗೇ ಅಂಟಿಕೊಂಡಿತ್ತು, ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದೆ. ಶೆಡ್ಡಿನಲ್ಲಿ ಏನೂ ಆಗಲಿಲ್ಲ. ಗೇಟಿನವರೆಗೆ ಹೋಗುವಷ್ಟರಲ್ಲಿ ಎರಡು ಉಂಗುರಗಳ ನಡುವಿನಿಂದ ಆಯಿಲ್ ಚಿಮ್ಮಿ, ಆಯಿಲ್ ದೀಪ ಹೊತ್ತಿಕೊಂಡಿತು. ತಕ್ಷಣ ಆಫ್ ಮಾಡಿದ್ದರಿಂದ ಎಂಜಿನ್ ಉಳಿಯಿತು. ಅಂಗಳದಿಂದ ಗೇಟಿನವರೆಗೆ ಬಿದ್ದ ಕಪ್ಪು ಗೆರೆಯ ಮೇಲೆ ಹೊಟ್ಟು ಸುರಿದು ಗುಡಿಸುವುದಕ್ಕೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಅಂದಿನಿಂದ ಬೆರಳಿನಿಂದ ಸವರಿ ನೋಡದೆ ಹೊಸ ಫಿಲ್ಟರ್ ಎತ್ತುವುದಿಲ್ಲ.

ಹೊಸ ಫಿಲ್ಟರಿನ ಉಂಗುರಕ್ಕೆ ಹೊಸ ಆಯಿಲ್ ಸವರಿ, ಕೈಯಿಂದಲೇ ತಿರುಗಿಸಿ. ಉಂಗುರ ತಾಗಿದ ಮೇಲೆ ಮುಕ್ಕಾಲು ಸುತ್ತು ಸಾಕು, ಫಿಲ್ಟರಿನ ಮೇಲೆ ಬೇರೆ ಅಳತೆ ಬರೆದಿದ್ದರೆ ಅದರಂತೆ. ಕೂರಿಸುವುದಕ್ಕೆ ಚೈನ್ ಸ್ಪ್ಯಾನರ್ ಬೇಡ. ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿ ಮಾಡಿ. ಕೈಪಿಡಿ ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಸುರಿದು, ಗೇರನ್ನು ನ್ಯೂಟ್ರಲ್‌ಗೆ ತಂದು ಎಂಜಿನ್ ಶುರು ಮಾಡಿ. ಆಯಿಲ್ ದೀಪ ಕೆಲವು ಕ್ಷಣಗಳಲ್ಲಿ ಆರಬೇಕು, ಅಲ್ಲಿಯವರೆಗೆ ಆಕ್ಸಿಲರೇಟರ್ ಮುಟ್ಟಬೇಡಿ. ಒಂದೆರಡು ನಿಮಿಷ ಓಡಿಸಿ, ಅಡಿಯಲ್ಲಿ ಸೋರಿಕೆ ನೋಡಿ, ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಕಡ್ಡಿ ಎಳೆದು ನೋಡಿ. ಬೇಕಾದಷ್ಟನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ.

ಡ್ರೈನ್ ಬೋಲ್ಟ್ ಎಷ್ಟು ಬಿಗಿಯಾಗಿರಬೇಕು?

ಟಾರ್ಕ್ ಸ್ಪ್ಯಾನರ್ ಇದ್ದರೆ ಕೈಪಿಡಿಯ ಅಂಕಿಗೆ. ಇಲ್ಲದಿದ್ದರೆ ಗಿಡ್ಡ ಸ್ಪ್ಯಾನರಿನಿಂದ ಮಣಿಕಟ್ಟಿನ ಬಲದಷ್ಟು ಬಿಗಿದರೆ ಸಾಕು, ಪೈಪ್ ಸಿಕ್ಕಿಸಿ ಉದ್ದ ಮಾಡಬಾರದು, ಕಾಲಿನಿಂದ ಒದೆಯಬಾರದು. ಜಿನುಗು ತಡೆಯುವುದು ವಾಷರ್, ನಿಮ್ಮ ರಟ್ಟೆಯಲ್ಲ. ನಮ್ಮ ಪಿಕಪ್‌ನ ಬೋಲ್ಟನ್ನು ಒಂದು ಗ್ಯಾರೇಜಿನಲ್ಲಿ ಗಾಳಿಯ ಗನ್ ಹಾಕಿ ಬಿಗಿದಿದ್ದರು. ಮುಂದಿನ ಸಲ ಬಿಚ್ಚಿದಾಗ ಚೇಂಬರಿನ (ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿಯ) ಥ್ರೆಡ್ ಸುರುಳಿಯಾಗಿ ಬೋಲ್ಟಿನ ಜೊತೆಗೇ ಹೊರಬಂತು. ಹೊಸ ಥ್ರೆಡ್ ಹಾಕಿಸಲು ಚೇಂಬರನ್ನೇ ಇಳಿಸಬೇಕಾಯಿತು.

ಹೊಸ ಆಯಿಲ್ ವಾರದೊಳಗೇ ಕಪ್ಪಾಯಿತು. ಮೋಸ ಹೋದೆನೇ?

ಇಲ್ಲ. ಡೀಸೆಲ್ ಎಂಜಿನ್‌ನಲ್ಲಿ ಮಸಿ ಉಂಟಾಗುತ್ತದೆ, ಅದನ್ನು ಎಂಜಿನ್ ಗೋಡೆಗೆ ಅಂಟಲು ಬಿಡದೆ ತನ್ನಲ್ಲಿ ತೇಲಿಸಿಟ್ಟುಕೊಳ್ಳುವುದೇ ಆಯಿಲಿನ ಕೆಲಸ. ಕಪ್ಪಾಗಿದೆ ಎಂದರೆ ದುಡಿಯುತ್ತಿದೆ ಎಂದು ತಿಳಿಯಿರಿ.

ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಪದರ ಕಾಣುತ್ತಿದೆ. ಹೆದರಬೇಕೇ?

ಜುಲೈ, ಆಗಸ್ಟ್ ತಿಂಗಳಲ್ಲಿ ಇದನ್ನು ಕೇಳದವರಿಲ್ಲ. ತಂಪಾದ ತೇವದ ಗಾಳಿ, ದಿನಕ್ಕೆ ಎರಡು ಮೂರು ಕಿಲೋಮೀಟರ್ ಓಡಾಟ. ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಒಳಗಿನ ಆವಿ ಮುಚ್ಚಳಕ್ಕೆ ತಾಗಿ ನೀರಾಗಿ ಆಯಿಲಿನೊಡನೆ ಕಡೆದಂತಾಗುತ್ತದೆ. ಪದರ ಮುಚ್ಚಳದಲ್ಲಿ ಮಾತ್ರವಿದ್ದು ಅಳತೆ ಕಡ್ಡಿಯ ಆಯಿಲ್ ಸ್ವಚ್ಛವಾಗಿದ್ದರೆ ಒರೆಸಿ, ಗಾಡಿಯನ್ನು ಕುಶಾಲನಗರದವರೆಗೆ ಒಂದು ಉದ್ದನೆಯ ಓಟ ಓಡಿಸಿ ತನ್ನಿ, ಆವಿ ಹೋಗುತ್ತದೆ. ಕಡ್ಡಿಯಲ್ಲೂ ಆಯಿಲ್ ಹಾಲು ಬೆರೆಸಿದಂತಿದ್ದರೆ, ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಗ್ಯಾಸ್ಕೆಟ್ ಹೋಗಿರಬಹುದು. ಗಾಡಿ ಸ್ಟಾರ್ಟ್ ಮಾಡಬೇಡಿ, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ.

ತೋಡು ದಾಟುವಾಗ ನೀರು ಆಕ್ಸಲ್‌ವರೆಗೆ ಬಂದಿದ್ದರೆ ಡಿಫರೆನ್ಷಿಯಲ್ ಮತ್ತು ಗೇರ್‌ಬಾಕ್ಸ್ ಆಯಿಲನ್ನೂ ನೋಡಿ. ಅಲ್ಲಿಗೆ ನೀರು ಸೇರಿದ್ದು ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ.

ಸ್ವಲ್ಪ ಹೆಚ್ಚು ಹಾಕಿದರೆ ಒಳ್ಳೆಯದಲ್ಲವೇ?

ಕೆಟ್ಟದ್ದು. ಕ್ರ್ಯಾಂಕ್ ಶಾಫ್ಟ್ ಆಯಿಲಿಗೆ ಬಡಿದು ನೊರೆ ಎಬ್ಬಿಸುತ್ತದೆ, ನೊರೆಗೆ ಎಂಜಿನ್ನನ್ನು ಕಾಪಾಡುವ ಶಕ್ತಿಯಿಲ್ಲ. ಸೀಲುಗಳು ಸೋರತೊಡಗುತ್ತವೆ. ಡೀಸೆಲ್ ಎಂಜಿನ್ ಮಿತಿಮೀರಿದ ಆಯಿಲನ್ನು ಗಾಳಿಯ ದಾರಿಯಿಂದ ಎಳೆದುಕೊಂಡು ಅದನ್ನೇ ಉರಿಸಿ, ಚಾವಿ ತೆಗೆದರೂ ನಿಲ್ಲದೆ ಓಡುವ ಅಪಾಯವೂ ಇದೆ. ಮೇಲಿನ ಗೆರೆ ದಾಟಿದ್ದರೆ ಇಳಿಸಿ.

ಕಡಿಮೆಯಾದಾಗಲೆಲ್ಲ ಸೇರಿಸುತ್ತಾ ಹೋದರೆ ಬದಲಿಸುವ ಅಗತ್ಯವೇ ಇಲ್ಲ ಅಲ್ಲವೇ?

ಇದೆ. ಹೊಸದನ್ನು ಸೇರಿಸಿದರೆ ಹಳೆಯದರ ಮಸಿ, ಆಮ್ಲ ಎಲ್ಲಿಗೂ ಹೋಗುವುದಿಲ್ಲ. ಫಿಲ್ಟರೂ ಹಾಗೇ ತುಂಬಿಕೊಂಡಿರುತ್ತದೆ.

ಹಳೆಯ ಆಯಿಲನ್ನು ಏನು ಮಾಡಬೇಕು?

ಈ ಇಡೀ ಪುಟವನ್ನು ನಾನು ಬರೆದದ್ದು ಬಹುಪಾಲು ಈ ಪ್ರಶ್ನೆಗಾಗಿ. ಮನೆಯಲ್ಲಿ ಆಯಿಲ್ ಬದಲಿಸಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಹಣವಲ್ಲ, ಕೌಶಲವೂ ಅಲ್ಲ. ಟ್ರೇಯಲ್ಲಿರುವ ಆ ಐದಾರು ಲೀಟರ್ ಎಲ್ಲಿಗೆ ಹೋಗುತ್ತದೆ ಎಂಬುದೇ ತೀರ್ಮಾನಿಸುತ್ತದೆ.

ನಮ್ಮ ಜಿಲ್ಲೆಯಲ್ಲಿ ಅಂಗಳದ ಚರಂಡಿ ತೋಡಿಗೆ, ತೋಡು ಗದ್ದೆಗೆ, ಗದ್ದೆಯ ನೀರು ಹೊಳೆಗೆ ಇಳಿಯುತ್ತದೆ. ಸಿದ್ದಾಪುರದ ಹೊಳೆ ಎಂದರೆ ಕಾವೇರಿಯೇ. ಹಾರಂಗಿ, ಲಕ್ಷ್ಮಣತೀರ್ಥ ಕೊನೆಗೆ ಸೇರುವುದೂ ಅವಳನ್ನೇ. ಸಂಪಾಜೆ ಕಡೆಯವರ ನೀರು ಪಯಸ್ವಿನಿಯಾಗಿ ಪಡುವಣಕ್ಕೆ ಹೋಗುತ್ತದೆ. ತುಲಾ ಸಂಕ್ರಮಣದಂದು ತಲಕಾವೇರಿಯ ತೀರ್ಥವನ್ನು ತಂದು ದೇವರ ಕೋಣೆಯಲ್ಲಿಡುವ ನಾವು, ಅದೇ ನೀರಿಗೆ ಸೇರುವ ಚರಂಡಿಗೆ ಕರಿ ಆಯಿಲ್ ಸುರಿಯುವುದು ನನಗೆ ಸಹಿಸಲಾಗದ ಸಂಗತಿ. ಮೈಸೂರು, ಮಂಡ್ಯ, ಬೆಂಗಳೂರಿನ ಜನ ಕುಡಿಯುವುದೂ ಈ ನೀರನ್ನೇ. ಬಳಸಿದ ಆಯಿಲಿನಲ್ಲಿ ಸವೆದ ಲೋಹದ ಕಣಗಳೂ ಉರಿದು ಉಳಿದ ವಿಷಕಾರಿ ವಸ್ತುಗಳೂ ಇರುತ್ತವೆ. ಅದು ನೀರಿನ ಮೇಲೆ ತೆಳುವಾಗಿ ಹರಡಿ ಗಾಳಿಯನ್ನು ಒಳಗೆ ಬಿಡುವುದಿಲ್ಲ.

ಕಾನೂನಿನ ಪ್ರಕಾರವೂ ಇದು ಅಪಾಯಕಾರಿ ತ್ಯಾಜ್ಯ, 2016ರ ಕೇಂದ್ರ ನಿಯಮಗಳಲ್ಲಿ ಹೆಸರಿಸಿಯೇ ಸೇರಿಸಿದ್ದಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಘಟಕಗಳು ಮಾತ್ರ ಇದನ್ನು ಶುದ್ಧೀಕರಿಸಿ ಮತ್ತೆ ಆಯಿಲ್ ಮಾಡಬಹುದು. ಆಯಿಲ್ ತಯಾರಿಸುವವರು, ಆಮದು ಮಾಡಿಕೊಳ್ಳುವವರ ಮೇಲೂ 2024ರ ಏಪ್ರಿಲ್‌ನಿಂದ ಮರುಬಳಕೆಯ ಹೊಣೆ ಬಂದಿದೆ.

ನೀವು ಮಾಡಬೇಕಾದದ್ದು ಇಷ್ಟು. ತಣ್ಣಗಾದ ಆಯಿಲನ್ನು ಹೊಸ ಆಯಿಲ್ ಬಂದ ಡಬ್ಬಿಗೇ ತುಂಬಿ, ಮುಚ್ಚಳ ಬಿಗಿದು, ಮೇಲೆ ‘ಹಳೆಯ ಆಯಿಲ್’ ಎಂದು ದಪ್ಪಕ್ಷರದಲ್ಲಿ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಅದಕ್ಕೆ ನೀರು, ಡೀಸೆಲ್, ಕೂಲಂಟ್ ಬೆರೆಸಬೇಡಿ, ಬೆರೆತದ್ದನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಪೇಟೆಗೆ ಹೋಗುವಾಗ ಬ್ಯಾರಲ್ಲಿನಲ್ಲಿ ಸಂಗ್ರಹಿಸಿ ಅಧಿಕೃತ ಘಟಕಕ್ಕೆ ಕಳಿಸುವ ಗ್ಯಾರೇಜಿಗೆ ಕೊಡಿ. ಕೊಡುವ ಮೊದಲು ಅದು ಎಲ್ಲಿಗೆ ಹೋಗುತ್ತದೆ ಎಂದು ಬಾಯಿಬಿಟ್ಟು ಕೇಳಿ. ‘ಅಣ್ಣಾ, ನಮ್ಮಲ್ಲಿ ಬೇಲಿಗೆ ಕೇಳಿಕೊಂಡು ಬರುವವರಿಗೆ ಕೊಟ್ಟುಬಿಡುತ್ತೇವೆ’ ಎಂಬ ಉತ್ತರ ಬಂದರೆ ಬೇರೆ ಗ್ಯಾರೇಜ್ ನೋಡಿ. ಡಬ್ಬಿ ಹೀಗೆ ಬಳಕೆಯಾಗುವುದರಿಂದ, ಖಾಲಿ ಮಾಡಿದ ಮೇಲೆ ಸೀಳಿ. ಹಳೆಯ ಫಿಲ್ಟರನ್ನು ಒಂದು ರಾತ್ರಿ ಟ್ರೇಯ ಮೇಲೆ ಬೋರಲು ಹಾಕಿ ಸೋರಿಸಿ. ಆಯಿಲ್ ಹೀರಿದ ಹೊಟ್ಟು, ಬಟ್ಟೆಗಳನ್ನು ಚೀಲಕ್ಕೆ ಕಟ್ಟಿ ಅದರ ಜೊತೆಗೇ ಕೊಡಿ. ಒಲೆಗೆ ಹಾಕಬೇಡಿ, ನೀರು ಕಾಯಿಸುವ ಹಂಡೆಯ ಒಲೆಗೂ ಬೇಡ.

ಬೇಲಿ ಗೂಟಕ್ಕೆ ಬಳಿದರೆ ಗೆದ್ದಲು ಬರುವುದಿಲ್ಲ. ಅಜ್ಜನ ಕಾಲದಿಂದ ಮಾಡಿದ್ದೇವೆ, ತಪ್ಪೇನು?

ನಮ್ಮ ಮನೆಯಲ್ಲೂ ಮಾಡಿದ್ದೇವೆ, ಈಗ ಬಿಟ್ಟಿದ್ದೇವೆ. ಗೂಟಕ್ಕೆ ಬಳಿದದ್ದು ನಾಲ್ಕು ಮಳೆಗೆ ತೊಳೆದು ಬುಡದ ಮಣ್ಣಿಗೆ ಇಳಿಯುತ್ತದೆ. ಆ ಮಣ್ಣಿನಲ್ಲೇ ಕಾಫಿಯ ಬೇರು, ಮೆಣಸಿನ ಬಳ್ಳಿ ಇವೆ. ಗೂಟದ ನೆಲಕ್ಕಿಳಿಯುವ ಭಾಗವನ್ನು ಬೆಂಕಿಯಲ್ಲಿ ಹೊರಗಿನಿಂದ ಕರಿಕಾಗುವಷ್ಟು ಸುಟ್ಟು ಹೂಳುವ ಹಳೆಯ ಪದ್ಧತಿ ಇದೆ. ಕರಾವಳಿಯವರು ಮರಕ್ಕೆ ಬಳಿಯುವ ಗೇರು ಸಿಪ್ಪೆಯ ಎಣ್ಣೆಯೂ ಇದೆ, ಅದು ಮೈಗೆ ತಾಗಿದರೆ ಸುಡುತ್ತದೆ, ಜೋಕೆ. ಮರ ಕೊಯ್ಯುವ ಯಂತ್ರದ ಚೈನಿಗೂ ಕರಿ ಆಯಿಲ್ ಹಾಕಬೇಡಿ. ಅಲ್ಲಿ ಸುರಿದ ಪ್ರತಿ ಹನಿಯೂ ತೋಟಕ್ಕೇ ಸಿಡಿಯುತ್ತದೆ.

ಗ್ಯಾರೇಜಿಗೆ ಕೊಟ್ಟರೆ ಏನನ್ನು ಗಮನಿಸಬೇಕು?

ಪಕ್ಕದಲ್ಲಿ ನಿಲ್ಲಿ. ಡಬ್ಬಿಯ ಸೀಲನ್ನು ನಿಮ್ಮೆದುರೇ ಒಡೆಯಲಿ, ಹಳೆಯ ಫಿಲ್ಟರನ್ನು ತೋರಿಸಲಿ, ವಾಷರ್ ಹೊಸದಾಗಿರಲಿ, ಬೋಲ್ಟನ್ನು ಕೈಯಿಂದಲೇ ಬಿಗಿಯಲಿ. ಹೊರಡುವ ಮೊದಲು ಕಡ್ಡಿ ನೀವೇ ಎಳೆದು ನೋಡಿ. ಒಳ್ಳೆಯ ಮೆಕ್ಯಾನಿಕ್ ಇದರಿಂದ ಬೇಸರಪಡುವುದಿಲ್ಲ. ಗೋಣಿಕೊಪ್ಪದಲ್ಲಿ ನಾನು ನಂಬುವ ಒಬ್ಬರು ಮೆಕ್ಯಾನಿಕ್ ಕೇಳದೆಯೇ ಕಡ್ಡಿ ಒರೆಸಿ ಗಿರಾಕಿಯ ಕೈಗೆ ಕೊಡುತ್ತಾರೆ. ಅಂಥವರು ನಿಮ್ಮೂರಿನಲ್ಲಿದ್ದರೆ ಅವರಿಗೆ ಕೊಡುವ ಕೂಲಿಯಲ್ಲಿ ಜಗ್ಗಾಡಬೇಡಿ.

ಎಂಜಿನ್ ಫ್ಲಶ್, ಆಯಿಲಿಗೆ ಸೇರಿಸುವ ಬಾಟಲಿಗಳು ಬೇಕೇ?

ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸುತ್ತಿದ್ದರೆ ಬೇಡ.

ವರ್ಷದಲ್ಲಿ ಯಾವಾಗ ಬದಲಿಸುವುದು ಅನುಕೂಲ?

ನಾನು ಹಿಡಿದಿರುವ ಎರಡು ಹೊತ್ತು ಇವು. ಒಂದು ಆಯುಧ ಪೂಜೆಯ ವಾರ. ಗಾಡಿಯನ್ನು ಹೇಗೂ ತೊಳೆಯುತ್ತೇವೆ, ಮಳೆಯೂ ತಗ್ಗಿರುತ್ತದೆ, ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾಗುವ ಮೊದಲು ಎಂಜಿನ್ ಸಿದ್ಧವಾಗುತ್ತದೆ. ಇನ್ನೊಂದು ಕೊಯ್ಲು ಮುಗಿದ ಮೇಲೆ, ಮಾರ್ಚ್ ಕೊನೆ ಅಥವಾ ಏಪ್ರಿಲ್. ಕೊಯ್ಲಿನ ಕಾಲದ ಧೂಳೆಲ್ಲ ಆಗ ಏರ್ ಫಿಲ್ಟರಿನಲ್ಲಿ ಕೂತಿರುತ್ತದೆ, ಅದನ್ನೂ ತೆಗೆದು ನೋಡಿ. ಡೀಸೆಲ್ ಫಿಲ್ಟರಿನ ಅಡಿಯಲ್ಲಿ ನಿಂತ ನೀರನ್ನೂ ಹೊರಬಿಡಿ. ಜೂನ್ ಬಂದರೆ ಶೆಡ್ಡಿನಲ್ಲೂ ಕೆಲಸ ಕಷ್ಟ. 2018ರ ಆಗಸ್ಟಿನಲ್ಲಿ ಭೂಕುಸಿತವಾಗಿ ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದಂತೆ ದಾರಿಯೇ ಕಡಿದುಹೋದರೆ ಗ್ಯಾರೇಜೂ ಇಲ್ಲ, ಬಿಡಿಭಾಗವೂ ಇಲ್ಲ. ಅದಕ್ಕಾಗಿ ಒಂದು ಫಿಲ್ಟರ್, ಎರಡು ವಾಷರ್, ಒಂದು ಸಲಕ್ಕಾಗುವಷ್ಟು ಸೀಲು ಒಡೆಯದ ಆಯಿಲ್ ಯಾವಾಗಲೂ ಮನೆಯ ಅಟ್ಟದಲ್ಲಿರುತ್ತದೆ. ಬದಲಿಸಿದ ತಾರೀಕು, ಮೀಟರಿನ ಅಂಕಿ, ಆಯಿಲಿನ ದರ್ಜೆ ಮೂರನ್ನೂ ಶೆಡ್ಡಿನ ಗೋಡೆಯಲ್ಲಿ ಸುಣ್ಣದ ಮೇಲೆ ಪೆನ್ಸಿಲಿನಿಂದ ಬರೆದಿಡುತ್ತೇನೆ. ಅಪ್ಪ ಬರೆದ ಸಾಲುಗಳು ಅಲ್ಲಿ ಇನ್ನೂ ಇವೆ, ನನ್ನವು ಅವುಗಳ ಕೆಳಗೆ.